ಎರಡು ಬೆರಳಿನ ಜ್ಯಾಂಗೋ: ಗಿಟಾರ್ ಅಭ್ಯಾಸದಲ್ಲಿ ನನ್ನ ಅನುಭವ

ಜಾಝ್ ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್ ಎರಡೇ ಬೆರಳಲ್ಲಿ ಗಿಟಾರ್ ನುಡಿಸುತ್ತಿದ್ದ ಅನ್ನುವುದು ಅರ್ಧ ನಿಜ. 1928ರಲ್ಲಿ, ಅವನಿಗೆ 18 ವರ್ಷವಿದ್ದಾಗ, ವಾಸವಿದ್ದ ಕ್ಯಾರವಾನಿಗೆ ಬೆಂಕಿ ಬಿತ್ತು. ಹೆಂಡತಿ ಮಾರಾಟಕ್ಕೆಂದು ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂಗಳು ಭಗ್ಗನೆ ಹೊತ್ತಿಕೊಂಡವು. ಎಡಗೈಯ ಉಂಗುರ ಬೆರಳು, ಕಿರುಬೆರಳು ಸುಟ್ಟು, ಸೆಳೆದುಕೊಂಡು, ಕೊಕ್ಕೆಯ ಹಾಗೆ ಮಡಚಿಕೊಂಡವು. ಅಲ್ಲಿಂದ ಮುಂದೆ ಸೋಲೋ ಎಲ್ಲ ತೋರುಬೆರಳು, ನಡುಬೆರಳಿನಲ್ಲೇ. ಆದರೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯುವಾಗ ಆ ಮಡಚಿದ ಬೆರಳುಗಳನ್ನೂ 1, 2ನೇ ತಂತಿಗಳ ಮೇಲೆ ಒರಗಿಸುತ್ತಿದ್ದ. ದಪ್ಪದ 6ನೇ ತಂತಿಯನ್ನು ಒತ್ತಲು ಹೆಬ್ಬೆರಳು ಮೇಲಿನಿಂದ ಬರುತ್ತಿತ್ತು.

ಅವನ ಕೈಚಳಕ ಅರ್ಥವಾಗಬೇಕಾದರೆ ಗಿಟಾರಿಗಿಂತ ವೀಣೆ ನೋಡಿದರೆ ಬೇಗ ದಾರಿ ಸಿಗುತ್ತದೆ. ವೈಣಿಕರು ಎಡಗೈಯ ತೋರುಬೆರಳು, ನಡುಬೆರಳಿನಲ್ಲೇ 24 ಮೆಟ್ಟಿಲು ಓಡಾಡುತ್ತಾರೆ, ಮತ್ತು ಅದನ್ನು ಯಾರೂ ಕೊರತೆ ಅನ್ನುವುದಿಲ್ಲ. ಗಿಟಾರ್ ಪಾಠದಲ್ಲಿ ನಾಲ್ಕು ಫ್ರೆಟ್ಟಿಗೆ (ಗಿಟಾರಿನ ಮೆಟ್ಟಿಲು) ನಾಲ್ಕು ಬೆರಳು, ಕೈ ಕದಲಬಾರದು ಎಂದು ಕಲಿಸುತ್ತಾರೆ. ಜ್ಯಾಂಗೋನ ಶೈಲಿ ಕೈ ಕದಲುವುದರ ಮೇಲೇ ನಿಂತಿದೆ. ಅವನು ಅಡ್ಡಕ್ಕೆ ಹೋಗುವುದಿಲ್ಲ, ಕುತ್ತಿಗೆಯ ಉದ್ದಕ್ಕೆ ಏರುತ್ತಾನೆ.

ಅಭ್ಯಾಸಕ್ಕೆ ನಾನು ಉಂಗುರ ಬೆರಳು, ಕಿರುಬೆರಳು ಎರಡನ್ನೂ ಜೋಡಿಸಿ ಮೈಕ್ರೋಪೋರ್ ಟೇಪ್ ಒಂದೇ ಸುತ್ತು ಸುತ್ತುತ್ತೇನೆ, ಸಡಿಲವಾಗಿ. ಬಿಗಿಯಾಗಿ ಸುತ್ತಿದರೆ, ಇಲ್ಲವೇ ಬೆರಳನ್ನು ಅಂಗೈಗೆ ಮಡಚಿ ಕಟ್ಟಿದರೆ ಮಣಿಕಟ್ಟು ಸೆಟೆದು ನೋವು ಶುರು. ಒಮ್ಮೆಗೆ 10 ನಿಮಿಷ ಸಾಕು. ತಂತಿ 10 ಗೇಜ್ ಇರಲಿ, ಅಂದರೆ 1ನೇ ತಂತಿ 0.010 ಇಂಚು ದಪ್ಪ. 12ರ ಸೆಟ್ಟಿನಲ್ಲಿ ಎರಡು ಬೆರಳು ಬೇಗ ಸೋಲುತ್ತವೆ. ತಂತಿ ಮೀಟುವ ಪಿಕ್ ಮಾತ್ರ ದಪ್ಪ, 2 ಮಿ.ಮೀ.ಗೆ ಕಡಿಮೆ ಬೇಡ. ತೆಳು ಪಿಕ್ ಬಾಗಿ ಸ್ವರ ತಡವಾಗುತ್ತದೆ. ಇದಕ್ಕೆಂದೇ ಜ್ಯಾಂಗೋ ನುಡಿಸುತ್ತಿದ್ದ ಸೆಲ್ಮರ್ ಮಾದರಿಯ ಗಿಟಾರ್ ಕೊಳ್ಳುವ ಅಗತ್ಯವೇನೂ ಇಲ್ಲ.

ಮೊದಲ ಪಾಠ ಡಿಮಿನಿಶ್ಡ್ ಆರ್ಪೆಜಿಯೋ, ಅಂದರೆ ಡಿಮಿನಿಶ್ಡ್ ಎಂಬ ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ನುಡಿಸುವುದು. ಪ್ರತಿ ತಂತಿಗೆ ಎರಡೇ ಸ್ವರ, ನಡುವೆ ಮೂರು ಫ್ರೆಟ್ ಅಂತರ. 6ನೇ ತಂತಿಯಲ್ಲಿ 5, 8. 5ರಲ್ಲಿ 6, 9. 4ರಲ್ಲಿ 7, 10. 3ರಲ್ಲಿ 8, 11. ಇಲ್ಲಿ ಎಲ್ಲರೂ ಎಡವುತ್ತಾರೆ: 2ನೇ ತಂತಿಗೆ ಹೋಗುವಾಗ ಒಂದಲ್ಲ, ಎರಡು ಫ್ರೆಟ್ ಮೇಲೇರಬೇಕು, ಅಂದರೆ 10, 13. ಕೊನೆಗೆ 1ರಲ್ಲಿ 11, 14. ತೋರು, ನಡು, ತೋರು, ನಡು, ಅಷ್ಟೇ.

650 ಮಿ.ಮೀ. ಸ್ಕೇಲಿನ (ಮಿಡಿಯುವ ತಂತಿಯ ಉದ್ದ) ಗಿಟಾರಿನಲ್ಲಿ 5ರಿಂದ 8ನೇ ಫ್ರೆಟ್ಟಿಗೆ ಸುಮಾರು 77 ಮಿ.ಮೀ.; 11ರಿಂದ 14ಕ್ಕೆ 55 ಮಾತ್ರ. ಹಾಗಾಗಿ ಕೆಳಗಿನಿಂದ ಶುರು ಮಾಡಬೇಡಿ. 1ನೇ ತಂತಿಯ 14ರಲ್ಲಿ ಆರಂಭಿಸಿ ಇಳಿಯುತ್ತ ಬನ್ನಿ. ದೊಡ್ಡ ಅಂತರ ಬಂದಾಗ ಬೆರಳನ್ನು ಹಿಗ್ಗಿಸಬಾರದು, ತೋರುಬೆರಳನ್ನು ತಂತಿಯಿಂದ ಬಿಟ್ಟು ಇಡೀ ಕೈಯನ್ನೇ ಸರಿಸಬೇಕು. ಹೆಬ್ಬೆರಳು ಕುತ್ತಿಗೆಯ ಹಿಂದೆ ಗಟ್ಟಿಯಾಗಿ ಕೂತಿದ್ದರೆ ಕೈ ಸರಿಯುವುದೇ ಇಲ್ಲ. ವೇಗ ಬಾರದಿರುವುದಕ್ಕೆ ಹತ್ತರಲ್ಲಿ ಎಂಟು ಸಲ ಇದೇ ಕಾರಣ ಎಂಬುದು ನನ್ನ ಅಂದಾಜು.

ಆಮೇಲೆ ಎ ಮೈನರ್ ಕಾರ್ಡಿನ ಆರ್ಪೆಜಿಯೋ. 6ನೇ ತಂತಿಯಲ್ಲಿ 5, 8. 5ರಲ್ಲಿ 7 ಒಂದೇ. 4ರಲ್ಲಿ 7, 10; 3ರಲ್ಲಿ 9 ಒಂದೇ. 2ರಲ್ಲಿ 10, 13, 1ರಲ್ಲಿ 12. ಎರಡು, ಒಂದು, ಎರಡು, ಒಂದು. ಒಂಟಿ ಸ್ವರವೆಲ್ಲ ತೋರುಬೆರಳಿಗೇ.

ಬಲಗೈಯ ಪರೀಕ್ಷೆ ಈ ಒಂಟಿ ಸ್ವರದಲ್ಲೇ. ಹೊಸ ತಂತಿಗೆ ಹೋದಾಗಲೆಲ್ಲ ಪಿಕ್ ಕೆಳಮುಖ, ಇದು ನಿಯಮ. 6ನೇ ತಂತಿಯಲ್ಲಿ ಕೆಳಗೆ, ಮೇಲೆ, 5ರಲ್ಲಿ ಕೆಳಗೆ, 4ರಲ್ಲಿ ಮತ್ತೆ ಕೆಳಗೆ. ಹೀಗೆ ಬೆನ್ನಿಗೆ ಬೆನ್ನು ಎರಡು ಕೆಳಹೊಡೆತ ಬರುತ್ತವೆ. ಪಿಕ್ 5ನೇ ತಂತಿಯನ್ನು ಮೀಟಿ ಗಾಳಿಗೆ ಹೋಗದೆ 4ರ ಮೇಲೆ ಕೂತು ನಿಂತರೆ ಮುಂದಿನ ಹೊಡೆತ ಅಲ್ಲೇ ಸಿದ್ಧ. ಮಣಿಕಟ್ಟು ಸ್ವಲ್ಪ ಬಾಗಿ, ಬ್ರಿಡ್ಜಿಗೆ ಒರಗದೆ ತೇಲುತ್ತಿರಬೇಕು. ಒರಗಿದರೆ ಸದ್ದು ಸಣಕಲಾಗುತ್ತದೆ. ಮೈಕ್ ಇಲ್ಲದ ಕಡೆ ಪಿಟೀಲಿನ ಪಕ್ಕ ಅದು ಕೇಳುವುದಿಲ್ಲ.

ಜ್ಯಾಂಗೋನ ಕ್ರೋಮ್ಯಾಟಿಕ್ ಓಟ (ಒಂದು ಫ್ರೆಟ್ಟನ್ನೂ ಬಿಡದ ಸ್ವರಗಳ ಸಾಲು) ನಮ್ಮ ಜಾರು ಗಮಕಕ್ಕೆ ಹತ್ತಿರ, ಆದರೆ ಜಾರಲ್ಲ. ತೋರುಬೆರಳೊಂದೇ ತಂತಿಯ ಮೇಲೆ ಫ್ರೆಟ್ಟಿನಿಂದ ಫ್ರೆಟ್ಟಿಗೆ ಸರಿಯುತ್ತದೆ, ಪ್ರತಿ ಫ್ರೆಟ್ಟಿಗೂ ಒಂದು ಮೀಟು. ಮೀಟು ಬೆರಳಿಗಿಂತ ಮೊದಲು ಬಿದ್ದರೆ ಕಲಸುಮೇಲೋಗರ. ಮೆಟ್ರೋನೋಮ್ 60ಕ್ಕಿಟ್ಟು, ಬೀಟಿಗೆ ನಾಲ್ಕು ಸ್ವರ ಸ್ಪಷ್ಟವಾದ ಮೇಲಷ್ಟೇ ಏರಿಸಬೇಕು.

ಕಾರ್ಡಿಗೆ ಬಂದರೆ ಒಂದೇ ಆಕಾರ ಕಲಿತರೂ ಬಹಳ ದೂರ ಹೋಗಬಹುದು. ಹೆಬ್ಬೆರಳು 6ನೇ ತಂತಿಯ 5ರಲ್ಲಿ, ತೋರುಬೆರಳು 4ನೇ ತಂತಿಯ 4ರಲ್ಲಿ, ನಡುಬೆರಳು ಮಲಗಿಕೊಂಡು 3, 2ನೇ ತಂತಿಗಳ 5ರಲ್ಲಿ. 5ನೇ ತಂತಿ ಹೆಬ್ಬೆರಳ ತುದಿ ತಾಗಿ ಮೂಕ, 1ನೇ ತಂತಿ ಮುಟ್ಟುವಂತಿಲ್ಲ. ಇದು ಎ ಮೈನರ್ 6. ಇಡೀ ಆಕಾರವನ್ನು 10ನೇ ಫ್ರೆಟ್ಟಿಗೆ ಒಯ್ದರೆ ಡಿ ಮೈನರ್ 6. 7ನೇ ಫ್ರೆಟ್ಟಿನಲ್ಲಿ ಬಿ ಮೈನರ್ 6. ಅದೇ ಸ್ವರಗಳು ಮೂಲಸ್ವರ ಬಿಟ್ಟ ಇ 9 ಕೂಡ ಹೌದು, ಇ 7 ಬೇಕಾದಲ್ಲಿ ಹಾಯಾಗಿ ಕೂರುತ್ತದೆ. ಮೂರು ಕಾರ್ಡಿನ ಮೈನರ್ ಹಾಡಿಗೆ ಕೈಯ ಆಕಾರ ಬದಲಿಸುವ ಕೆಲಸವೇ ಇಲ್ಲ.

1934ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ಅವನ ಕ್ವಿಂಟೆಟ್‌ನಲ್ಲಿ ಸ್ಟೆಫಾನ್ ಗ್ರಾಪೆಲ್ಲಿಯ ಪಿಟೀಲು, ಮೂರು ಗಿಟಾರ್, ಒಂದು ಡಬಲ್ ಬಾಸ್. ಡ್ರಮ್ ಇಲ್ಲ. ಆ ಕೆಲಸ ಲಯದ ಗಿಟಾರುಗಳದು, ಅದರ ಹೆಸರು ಲಾ ಪೊಂಪ್. 1, 3ನೇ ಬೀಟಿಗೆ ದಪ್ಪ ತಂತಿಗಳ ಕಡೆ ಒತ್ತು, ಅದಕ್ಕೆ ಮೊದಲು ಕಣ್ಣೆವೆ ಮಿಟುಕಿದಷ್ಟು ಒಂದು ಮೇಲ್ಮೀಟು. 2, 4ಕ್ಕೆ ಪೂರ್ತಿ ಕಾರ್ಡ್ ಬಾರಿಸಿ, ಬಾರಿಸಿದ ಕೂಡಲೇ ಎಡಗೈಯ ಒತ್ತಡ ಸಡಿಲಿಸಬೇಕು. ಬೆರಳು ತಂತಿ ಬಿಟ್ಟು ಮೇಲೇಳಬಾರದು. ಎದ್ದರೆ ತಂತಿ ಗುಂಯ್ ಅನ್ನುತ್ತದೆ. ತಾಗಿಕೊಂಡೇ ಸಡಿಲಾದರೆ ಚಟ್ ಎಂದು ನಿಲ್ಲುತ್ತದೆ, ಆ ಚಟ್ ಸದ್ದೇ ಡ್ರಮ್.