ಸನ್‌ಪ್ಯಾಕ್ ಶೀಟು, ಮುರಿದ ದೋಟಿ: ನಾನೇ ಕಟ್ಟಿದ ಆರ್‌ಸಿ (ರೇಡಿಯೋ ಕಂಟ್ರೋಲ್) ವಿಮಾನ

ಸನ್‌ಪ್ಯಾಕ್ (ನಾಮಫಲಕಕ್ಕೆ ಬಳಸುವ, ಒಳಗೆ ಕೊಳವೆಗಳಿರುವ ಪ್ಲಾಸ್ಟಿಕ್) ಶೀಟಿನ ವಿಮಾನ ಭಾರ ಜಾಸ್ತಿ, ನೆಲ ಬಿಟ್ಟು ಏಳಲ್ಲ ಅಂತ ಸಾಗರದ ನಮ್ಮ ಗೆಳೆಯರೆಲ್ಲ ಹೇಳಿದ್ದರು. ಅದು ಮಳೆಗಾಲ ದಾಟಿ ಈಗಲೂ ಹಾರುತ್ತಿದೆ. ಅವರಲ್ಲಿ ಇಬ್ಬರು ನನ್ನ ಅಳತೆ ಇಸಿದುಕೊಂಡು ಹೋಗಿದ್ದಾರೆ.

ಮೊದಲು ದುಡ್ಡಿನ ಮಾತು. ನಾನೂ ಶುರು ಮಾಡಿದ್ದು ರೆಡಿಮೇಡ್ ಫೋಮ್ ಟ್ರೇನರ್‌ನಿಂದಲೇ (ಹಾರಿಸಲು ಕಲಿಯುವವರ ವಿಮಾನ). ಸುಮಾರು 16,000 ರೂಪಾಯಿ. ಹಾರಾಟ ಬಹಳ ಚೆನ್ನಾಗಿತ್ತು. ಆದರೆ ಅಡಿಕೆ ಮರಕ್ಕೆ ಬಡಿದು ಬಾಡಿ ತುಂಡಾದ ಮೇಲೆ ಬರೀ ಬಾಡಿ ಎಲ್ಲೂ ಸಿಗಲಿಲ್ಲ. ಮಾರಿದವರು ‘ಸ್ಟಾಕ್ ಬರುತ್ತೆ ಸರ್’ ಅಂತ ತಿಂಗಳುಗಟ್ಟಲೆ ಹೇಳಿದರು. ಮೋಟಾರ್, ಸರ್ವೋ (ವಿಂಗ್, ಬಾಲದ ಅಲಗು ತಿರುಗಿಸುವ ಪುಟ್ಟ ಮೋಟಾರ್) ಎಲ್ಲ ಸರಿಯಿದ್ದೂ ಸುಮ್ನೆ ಪೆಟ್ಟಿಗೆಯಲ್ಲಿ ಕೂತವು.

ಕಟ್ಟೋಣ ಅಂತ ಹೊರಟಾಗ ಮೊದಲು ಕೈಕೊಟ್ಟಿದ್ದು ಫೋಮ್ ಬೋರ್ಡ್. ಬೆಂಗಳೂರಿನಲ್ಲಿ ಅದು ಸರಿ. ಮಲೆನಾಡಿನ ಥಂಡಿಗೆ ಮೇಲಿನ ಕಾಗದ ಉಬ್ಬಿ ಏಳುತ್ತದೆ, ವಿಂಗ್ ತಿರುಚಿಕೊಳ್ಳುತ್ತದೆ. ಅಡಿಕೆ ಹಾಳೆಯಲ್ಲೂ ಬಾಡಿ ಮಾಡಿದೆ. ಒಣಗಿದಾಗ ಎಷ್ಟು ಹಗುರ, ಎಷ್ಟು ಗಟ್ಟಿ! ಒಂದು ಮಳೆ ಬಂತು, ಸುರುಟಿಕೊಂಡಿತು. ಆದರೂ ಮೋಟಾರಿನ ಸುತ್ತ ಮುಚ್ಚಳಕ್ಕೆ ಈಗಲೂ ಹಾಳೆಯನ್ನೇ ಹಾಕುತ್ತೇನೆ, ವಾರ್ನಿಷ್ ಹೊಡೆದು.

ಕೊನೆಗೆ ಕೂತಿದ್ದು ಹೀಗೆ. ಬಾಡಿ ಮಾತ್ರ 3 ಮಿಮೀ ಸನ್‌ಪ್ಯಾಕ್, ಬೋರ್ಡ್ ಮಾಡುವ ಅಂಗಡಿಯಲ್ಲಿ ಉಳಿದ ತುಂಡು. ಒಳಗಿನ ಕೊಳವೆಗಳು ಮೂತಿಯಿಂದ ಬಾಲಕ್ಕೆ ಉದ್ದುದ್ದ ಇರಬೇಕು. ಹಾಟ್ ಗ್ಲೂ ಇದಕ್ಕೆ ಹಿಡಿಯಲ್ಲ, ಜಿಪ್ ಟೈ ಹಾಕಿ ಬಿಗಿದೆ. ಬಾಲವನ್ನೂ ಅದರಲ್ಲೇ ಮಾಡಿದರೆ ಸಿಜಿ (ವಿಮಾನದ ತೂಕ ಸಮತೋಲವಾಗುವ ಜಾಗ) ಹಿಂದೆ ಓಡುತ್ತದೆ, ಮೂತಿಗೆ ಸೀಸ ತುಂಬುವುದರಲ್ಲೇ ಲಾಭವೆಲ್ಲ ಹೋಗುತ್ತದೆ. ಹಾಗಾಗಿ ಬಾಲ, ವಿಂಗ್ ಎರಡೂ ಥರ್ಮಾಕೋಲ್. ಬಿಸಿ ಮಾಡಿದ ನೈಕ್ರೋಮ್ ತಂತಿಯಲ್ಲಿ ಕೊಯ್ದು ಮೇಲೆ ಪ್ಯಾಕಿಂಗ್ ಟೇಪ್.

ವಿಂಗ್ ಒಳಗಿನ ಸ್ಪಾರ್, ಅಂದರೆ ವಿಂಗ್ ಬಾಗದಂತೆ ಹಿಡಿಯುವ ಬೆನ್ನೆಲುಬು, ನನ್ನ ಹೆಮ್ಮೆ. ಅಡಿಕೆ ಕೊಯ್ಲಿನ ಕಾರ್ಬನ್ ಫೈಬರ್ ದೋಟಿ ಮುರಿದಿದ್ದು ನಮ್ಮ ಕಡೆ ಮನೆಮನೆಯಲ್ಲಿ ಬಿದ್ದಿರುತ್ತದೆ. ಅದರ ತೆಳು ಕೊಳವೆಯನ್ನು ಉದ್ದಕ್ಕೆ ಸೀಳಿ ಪಟ್ಟಿ ಮಾಡಿದೆ. ಸೀಳು ಓರೆ ಹೋಗದಂತೆ ಹೇಗೆ ಹಿಡಿದೆ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಸೀಳುವಾಗ ಮಾಸ್ಕ್ ಹಾಕಿಕೊಳ್ಳಿ, ಏಳುವ ಕಾರ್ಬನ್ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಇನ್ನೊಂದು: ಕಾರ್ಬನ್ ರಿಮೋಟಿನ 2.4 ಗಿಗಾಹರ್ಟ್ಸ್ ಸಿಗ್ನಲನ್ನು ತಡೆಯುತ್ತದೆ, ರಿಸೀವರ್ ಆಂಟೆನಾ ಸ್ಪಾರ್ ಪಕ್ಕ ಬೇಡವೇ ಬೇಡ.

ವಿಂಗ್ ಉದ್ದ 110 ಸೆಂಮೀ, ಅಗಲ 20. ಸಿಜಿ ಮುಂದಿನ ಅಂಚಿನಿಂದ 5.5 ಸೆಂಮೀ ಆಸುಪಾಸು. ಬ್ಯಾಟರಿ ಸೇರಿ ತೂಕ 850 ಗ್ರಾಂ ಇರಬಹುದು. ಎ2212 1000 ಕೆವಿ (ಪ್ರತಿ ವೋಲ್ಟ್‌ಗೆ ನಿಮಿಷಕ್ಕೆ ಸಾವಿರ ಸುತ್ತು) ಮೋಟಾರ್ ಮತ್ತು ಅದರ ವೇಗ ಹಿಡಿತದಲ್ಲಿಡುವ 30 ಆಂಪ್ ಇಎಸ್‌ಸಿಗೆ ಸಾವಿರದ ಹತ್ತಿರ, 9 ಗ್ರಾಂ ಸರ್ವೋ ನಾಲ್ಕಕ್ಕೆ 500, 3ಎಸ್ (ಮೂರು ಸೆಲ್) 2200 ಎಂಎಎಚ್ ಲಿಪೋ ಬ್ಯಾಟರಿ 1,700, ಫ್ಲೈಸ್ಕೈ ಐ6 ರೇಡಿಯೋ (ರಿಮೋಟ್) 4,700 ಕೊಟ್ಟಿದ್ದೆ. ಬಾಡಿ, ವಿಂಗ್, ಟೇಪ್ ಸೇರಿ 400 ದಾಟಿಲ್ಲ. ನೋಡಿ, ದುಡ್ಡೆಲ್ಲ ಕೂತಿರುವುದು ಎಲೆಕ್ಟ್ರಾನಿಕ್ಸ್‌ನಲ್ಲಿ, ಅಲ್ವಾ? ಅದು ಸಾಮಾನ್ಯವಾಗಿ ಮುರಿಯಲ್ಲ. ಮುರಿಯುವುದು 400 ರೂಪಾಯಿಯ ಭಾಗ, ಅದನ್ನು ಒಂದು ಭಾನುವಾರದಲ್ಲಿ ಮತ್ತೆ ಕಟ್ಟಬಹುದು.

ಇಡಿಎಫ್ ಜೆಟ್ (ಕೊಳವೆಯೊಳಗಿನ ಫ್ಯಾನಿನಿಂದ ಹಾರುವ ವಿಮಾನ) ಬೇಕು ಅನ್ನುವವರು ಮಾತ್ರ ರೆಡಿಮೇಡೇ ತಗೊಳ್ಳಿ. ಗಾಳಿ ಎಳೆಯುವ ದಾರಿ ನುಣುಪಾಗಿರಬೇಕು, ತೂಕಕ್ಕೆ ರಿಯಾಯಿತಿಯೇ ಇಲ್ಲ. ಸನ್‌ಪ್ಯಾಕ್‌ನಲ್ಲಿ ಅದನ್ನೂ ಮಾಡಿ ನೋಡಿದೆ. ಗದ್ದೆ ಬಯಲಿನಲ್ಲಿ ಜೋರಾಗಿ ಓಡಿತೇ ಹೊರತು ಏಳಲಿಲ್ಲ.