ಅಡುಗೆಮನೆ ಹಿಂದಿನ ಗಲ್ಲಿ ಟ್ರ್ಯಾಪ್: ಎರಡನೇ ಸಲ ನೋಡಿಕೊಂಡು ತಂದದ್ದು

ನಮ್ಮ ಮನೆ ಕೊಡಗಿನ ಮಾದಾಪುರದ ಹತ್ತಿರ, ಕಾಫಿ ತೋಟದ ಇಳಿಜಾರಿನಲ್ಲಿ. ಅಡುಗೆಮನೆ ಮತ್ತು ಬಚ್ಚಲ ನೀರು ಹೋಗಲು ಹಿಂಬದಿ ಗೋಡೆಯ ಬುಡದಲ್ಲಿ ಒಂದು ಗಲ್ಲಿ ಟ್ರ್ಯಾಪ್ (ಮೇಲೆ ಜಾಲರಿ, ಒಳಗೆ ಬಾಗು ಇರುವ ಚರಂಡಿ ಬಾಯಿ) ಇತ್ತು. ಮನೆ ಕಟ್ಟುವಾಗ ಅಂಗಡಿಯವರು ಕೊಟ್ಟದ್ದನ್ನು ಮೇಸ್ತ್ರಿ ತಂದು ಹೂತಿದ್ದ. ಅದರಲ್ಲಿ ಆರಿಸೋದಕ್ಕೆ ಏನಿದೆ ಅಂತ ನಾನೂ ಸುಮ್ನಿದ್ದೆ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗೊತ್ತಾಯಿತು. ಸಿಂಕಿನ ಪೈಪು ಜಾಲರಿಯ ಮೇಲೆ ಬಾಯಿ ಬಿಟ್ಟುಕೊಂಡು ನಿಂತಿತ್ತು. ಸೂರಿನ ನೀರೂ ಅಲ್ಲೇ ಬೀಳುತ್ತಿತ್ತು. ಸಿಲ್ವರ್ ಓಕ್ ಎಲೆ ಬಂದು ಜಾಲರಿಗೆ ಅಂಟಿಕೊಂಡರೆ ಮುಗಿಯಿತು. ಅನ್ನದ ಅಗುಳು, ಸೋಪಿನ ನೊರೆ ಎಲ್ಲಾ ಗೋಡೆ ಬುಡದಲ್ಲಿ ತೇಲುತ್ತಿತ್ತು. ಕೊಡೆ ಹಿಡಿದುಕೊಂಡು ದಿನಕ್ಕೆ ಎರಡು ಸಲ ಎಲೆ ಬಾಚುವುದೇ ನನ್ನ ಕೆಲಸವಾಯಿತು. ಎರಡು ಮಳೆಗಾಲ ಹೀಗೇ ಕಳೆದು, ಮೂರನೇದಕ್ಕೆ ಮೊದಲು ಅದನ್ನು ಅಗೆಸಿ ತೆಗೆಸಿದೆ.

ಗಲ್ಲಿ ಟ್ರ್ಯಾಪ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಒಳಗಿನ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಕೊಳೆ ನೀರು ಹೋಗಿ ಸೇರುವ ಇಂಗುಗುಂಡಿಯ ವಾಸನೆ, ಜಿರಳೆ ಈಚೆ ಬರದಂತೆ ಆ ನೀರೇ ತಡೆ. ಅದು ಎರಡು ಇಂಚಾದರೂ ಇರಬೇಕು, ಮೂರಿದ್ದರೆ ಒಳ್ಳೆಯದು. ಅಂಗಡಿಯಲ್ಲಿ ಪಿ, ಕ್ಯೂ, ಎಸ್ ಅಂತ ಕೇಳುತ್ತಾರೆ. ಅದು ನೀರು ಹೊರಗೆ ಹೋಗುವ ದಿಕ್ಕು ಅಷ್ಟೇ: ಪಿ ಹೆಚ್ಚುಕಡಿಮೆ ಅಡ್ಡಕ್ಕೆ, ಎಸ್ ನೇರ ಕೆಳಕ್ಕೆ, ಕ್ಯೂ ಇವೆರಡರ ನಡುವೆ ಓರೆಯಾಗಿ. ನಮ್ಮ ಹಳೆಯದು ಎಸ್. ಪೈಪು ಹೋಗಬೇಕಾದದ್ದು ಅಡ್ಡಕ್ಕೆ! ಹಾಗಾಗಿ ಅಡಿಯಲ್ಲಿ ಒಂದು ಎಲ್ಬೋ ಹಾಕಿ ತಿರುಗಿಸಿದ್ದರು. ಅಗೆದಾಗ ನೋಡಿದರೆ ಆ ಎಲ್ಬೋ ತುಂಬ ಕೆಸರು, ಪಾತ್ರೆ ತೊಳೆದ ಬೂದಿ.

ಈ ಸಲ ತಂದದ್ದು ಪಿ. ಮೇಲಿನ ಬಾಯಿ 6 ಇಂಚು, ಹೊರಗಿನ ಪೈಪು 4 ಇಂಚು. ಮುಖ್ಯವಾಗಿ ನಾನು ಹುಡುಕಿದ್ದು ಹಿಂಬದಿಯಲ್ಲಿ ಪೈಪು ಸೇರಿಸುವ ಬಾಯಿ ಇರುವಂಥದ್ದು. ಸಿಂಕಿನ ನೀರು ಜಾಲರಿಯ ಕೆಳಗೆ, ನಿಂತ ನೀರಿನ ಮೇಲೆ ಬಂದು ಸೇರುತ್ತದೆ. ಮೇಲೆ ಎಷ್ಟು ಎಲೆ ಬಿದ್ದರೂ ಅಡುಗೆಮನೆ ನೀರಿಗೆ ತೊಂದರೆಯಿಲ್ಲ. ನಮ್ಮ ಕಡೆಗೆ ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಪಿಂಗಾಣಿಯದ್ದು ಗಟ್ಟಿ ನಿಜ, ಆದರೆ ಸಿಮೆಂಟಿನ ಜೋಡಣೆ ಬಿರುಕು ಬಿಟ್ಟರೆ ಮರದ ಬೇರು ನುಗ್ಗುತ್ತದೆ. ತೋಟದ ಮಧ್ಯೆ ಮನೆ ಅಲ್ವಾ? ಪಿವಿಸಿಯದ್ದನ್ನೇ ತಂದು ಅಂಟು ಹಾಕಿ ಕೂರಿಸಿದೆವು.

ಕೂರಿಸಿದ ದಿನ ಮೇಸ್ತ್ರಿಗೂ ನನಗೂ ಸಣ್ಣ ಜಟಾಪಟಿ. ಒಂದು ಬಕೆಟ್ ನೀರು ಸುರಿದೆ. ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ಒಳಗಿನ ನಾಲಿಗೆಯ (ನಿಂತ ನೀರಿನೊಳಗೆ ಇಳಿಬಿದ್ದಿರುವ ತಡೆಯ) ಅಡಿಗೆ ಸಿಕ್ಕಿಸಿ, ಅಲ್ಲಿಂದ ನೀರಿನ ಮಟ್ಟದವರೆಗೆ ಅಳೆದೆ. ಒಂದೇ ಇಂಚು! "ನೀರು ಹೋಗ್ತಾ ಇದೆಯಲ್ಲ ಸಾರ್, ಇನ್ನೇನು?" ಅಂದ. ಟ್ರ್ಯಾಪ್ ಪೈಪಿನ ಕಡೆಗೆ ವಾಲಿತ್ತು, ಅದಕ್ಕೇ ನೀರು ನಿಲ್ಲದೆ ಜಾರಿ ಹೋಗುತ್ತಿತ್ತು. ಕಾಂಕ್ರೀಟ್ ಹಸಿ ಇರುವಾಗಲೇ ಎತ್ತಿಸಿ, ಮಟ್ಟಗೋಲು ಇಟ್ಟು ಮತ್ತೆ ಕೂರಿಸಿದೆವು. ಆಮೇಲೆ ಎರಡೂವರೆ ಇಂಚು ಬಂತು.

ಸುತ್ತ ಇಟ್ಟಿಗೆಯ ಕಟ್ಟೆ ಕಟ್ಟಿ ಬಾಯಿಯನ್ನು ಅಂಗಳಕ್ಕಿಂತ 4 ಇಂಚು ಮೇಲೆ ತಂದೆವು, ಮಳೆ ನೀರು ಹರಿದು ಒಳಗೆ ಬೀಳಬಾರದು. ಆದರೆ ಬಚ್ಚಲ ನೆಲಕ್ಕಿಂತ ಅದು ಕೆಳಗೇ ಇರಬೇಕು. ಎಲ್ಲಾದರೂ ಕಟ್ಟಿಕೊಂಡರೆ ಕೊಳೆ ನೀರು ಅಂಗಳಕ್ಕೆ ಉಕ್ಕಲಿ, ಬಚ್ಚಲಿಗೆ ಬೇಡ. ಸೂರಿನ ನೀರಿಗೆ ಬೇರೆಯೇ ಚರಂಡಿ.

ಮೊದಲು ಇಂಗುಗುಂಡಿ ಇದ್ದದ್ದು ಬರೆಯ (ಕಡಿದಾದ ಮಣ್ಣಿನ ಇಳಿಜಾರಿನ) ಅಂಚಿಗೆ. 2018ರ ಆಗಸ್ಟ್‌ನ ಭೂಕುಸಿತ ನೋಡಿದ ಮೇಲೆ ಬರೆಗೆ ನೀರು ಇಂಗಿಸುವ ಧೈರ್ಯ ನನಗಿಲ್ಲ. ಅದನ್ನು ಮುಚ್ಚಿಸಿ, 60 ಅಡಿ ದೂರದ ಸಮತಟ್ಟು ಜಾಗದಲ್ಲಿ, ಬಾಳೆಯ ಹತ್ತಿರ ಹೊಸದು ತೋಡಿಸಿದೆ. ಬಾವಿ ಇನ್ನೊಂದು ಪಕ್ಕಕ್ಕಿದೆ, ತುಂಬಾ ದೂರ. ಪೈಪಿಗೆ 10 ಅಡಿಗೆ 3 ಇಂಚಿನಂತೆ ಇಳಿಜಾರು ಕೊಟ್ಟೆವು.

ಇನ್ನೂ ಪೂರ್ತಿ ಗೆಲ್ಲಲು ಆಗದಿರುವುದು ಪಂದಿ ಕರಿಯ (ಹಂದಿ ಮಾಂಸದ ಅಡುಗೆಯ) ಕೊಬ್ಬನ್ನು. ಡಿಸೆಂಬರ್ ಚಳಿಗೆ ಅದು ಟ್ರ್ಯಾಪಿನಲ್ಲಿ ಮೇಣದ ಹಾಗೆ ಬೆಳ್ಳಗೆ ಕಟ್ಟುತ್ತದೆ. ಬಿಸಿನೀರು ಸುರಿದೆ, ಕರಗಿತು, ಮುಂದೆ ಪೈಪಿನಲ್ಲಿ ಹೋಗಿ ಮತ್ತೆ ಗಟ್ಟಿಯಾಯಿತು. ಈಗ ನೆಂಟರು ಉಂಡು ಎದ್ದ ಮೇಲೆ ಪಾತ್ರೆಯನ್ನು ಹಳೆ ಪೇಪರಿನಲ್ಲಿ ಒರೆಸಿ, ಆಮೇಲೆ ತೊಳೆಯುತ್ತೇವೆ. ಒರೆಸುವ ಕೆಲಸ ನನ್ನದು.

ಬೇಸಿಗೆಯಲ್ಲಿ ಇಪ್ಪತ್ತು ದಿನ ಮಗಳ ಮನೆಗೆ ಹೋಗಿ ಬಂದಾಗ ಟ್ರ್ಯಾಪಿನ ನೀರು ಆರಿ ಹಿತ್ತಲೆಲ್ಲಾ ನಾರುತ್ತಿತ್ತು. ಈಗ ಹೊರಡುವಾಗ ಪಕ್ಕದ ಮನೆ ಹುಡುಗನಿಗೆ ವಾರಕ್ಕೊಂದು ಕೊಡ ನೀರು ಸುರಿಯಲು ಹೇಳಿ ಹೋಗುತ್ತೇವೆ.