ಪ್ಯಾನಿಕ್ ಅಟ್ಯಾಕ್ ಬಂದಾಗ ಮೊದಲು ಉಸಿರು ಹೊರಗೆ ಬಿಡಿ

ಬಸ್ಸಿನಲ್ಲಿ ಕೂತಿದ್ದಾಗ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡು, ಮೈ ಬೆವೆತು, ಬೆರಳು ಜುಮುಗುಟ್ಟಿ, ‘ಇನ್ನೇನು ಪ್ರಾಣ ಹೋಯ್ತು’ ಅನ್ನಿಸಿದರೆ ಅದು ಪ್ಯಾನಿಕ್ ಅಟ್ಯಾಕ್ ಇರಬಹುದು. ಸಾಮಾನ್ಯವಾಗಿ 10 ನಿಮಿಷದೊಳಗೆ ಜೋರಾಗಿ, ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆದರೆ ಮೊದಲ ಸಲವೇ ನೀವಾಗಿ ಹಾಗೆಂದು ತೀರ್ಮಾನಿಸಬೇಡಿ. ಎದೆ ಹಿಂಡಿದಂತಾಗಿ ನೋವು ತೋಳಿಗೋ ದವಡೆಗೋ ಹರಿದರೆ, ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ ಮಾಡಿ. ಇಸಿಜಿ, ಥೈರಾಯ್ಡ್ ಪರೀಕ್ಷೆ ಒಮ್ಮೆ ಆಗಿರಲಿ.

ಪಕ್ಕದಲ್ಲಿದ್ದವರು ‘ಜೋರಾಗಿ ಉಸಿರು ಎಳ್ಕೊ’ ಅನ್ನುತ್ತಾರೆ. ಅದೇ ತಪ್ಪು. ಗಾಬರಿಯಲ್ಲಿ ಆಗಲೇ ಅತಿಯಾಗಿ ಉಸಿರಾಡಿರುತ್ತೀರಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿಯೇ ತಲೆ ಸುತ್ತುವುದು, ತುಟಿ–ಬೆರಳು ಜುಮುಗುಟ್ಟುವುದು. ಇನ್ನಷ್ಟು ಎಳೆದರೆ ಅದು ಹೆಚ್ಚುತ್ತದೆ. ಹೊಟ್ಟೆಯ ಮೇಲೆ ಕೈಯಿಟ್ಟು ಮೊದಲು ಉಸಿರನ್ನು ನಿಧಾನವಾಗಿ ಪೂರ್ತಿ ಬಿಡಿ. ಆಮೇಲೆ ಮೂಗಿನಿಂದ 4 ಎಣಿಸುವಷ್ಟು ಹೊತ್ತು ಮೆಲ್ಲಗೆ ಒಳಕ್ಕೆ. ಬಿಸಿ ಕಾಫಿ ಆರಿಸುವಂತೆ ತುಟಿ ಕೂಡಿಸಿ 6 ಎಣಿಸುತ್ತ ಹೊರಕ್ಕೆ. ಐದು ನಿಮಿಷ ಸಾಕು. ಕಾಗದದ ಚೀಲದೊಳಗೆ ಉಸಿರಾಡಬೇಡಿ. ತೊಂದರೆ ಹೃದಯದ್ದೋ ಆಸ್ತಮಾದ್ದೋ ಆಗಿದ್ದರೆ ಅಪಾಯ.

ಇನ್ನು ಕಷ್ಟದ ಮಾತು: ಬಸ್ಸಿಂದ ಇಳಿದು ಓಡಬೇಡಿ. ಇಳಿದ ಕೂಡಲೇ ಹಾಯೆನಿಸುತ್ತದೆ ನಿಜ, ಆದರೆ ‘ಇಳಿದಿದ್ದಕ್ಕೇ ಬದುಕಿದೆ’ ಎಂದು ಮಿದುಳು ಕಲಿತುಬಿಡುತ್ತದೆ. ಮರುದಿನ ಬಸ್ ಹತ್ತುವುದೇ ಬೇಡವೆನಿಸುತ್ತದೆ. ಆಮೇಲೆ ಸಂತೆ, ಮದುವೆಮನೆ, ಕೊನೆಗೆ ಹೊಸ್ತಿಲು. ಆಗಲೇ ಬಸ್ ಬಿಟ್ಟಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ವಾಪಸ್ ಬನ್ನಿ: ಮೊದಲು ಸ್ಟಾಪಿನಲ್ಲಿ ನಿಲ್ಲುವುದು, ಜೊತೆಯವರೊಂದಿಗೆ ಖಾಲಿ ಬಸ್ಸಿನಲ್ಲಿ ಒಂದು ಸ್ಟಾಪ್, ಬಳಿಕ ಒಬ್ಬರೇ, ಆಮೇಲೆ ರಶ್ ಹೊತ್ತಿನಲ್ಲಿ. ‘ಭಯವಿದ್ದರೂ ಕೂತಿರಬಲ್ಲೆ’ ಅನ್ನಿಸುವವರೆಗೆ ಒಂದೊಂದನ್ನೂ ಮತ್ತೆ ಮತ್ತೆ ಮಾಡಿ. ಒಬ್ಬರಿಂದ ಆಗದಿದ್ದರೆ ಇದನ್ನೇ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ) ಗೊತ್ತಿರುವ ಆಪ್ತಸಮಾಲೋಚಕರು ಜೊತೆಗಿದ್ದು ಮಾಡಿಸುತ್ತಾರೆ.

ವೈದ್ಯರು ಎಸ್‌ಎಸ್‌ಆರ್‌ಐ (ಆತಂಕ, ಖಿನ್ನತೆಗೆ ಕೊಡುವ ಒಂದು ಬಗೆಯ ಔಷಧ) ಮಾತ್ರೆ ಬರೆದುಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ಕಳವಳ ತುಸು ಹೆಚ್ಚಬಹುದು. ಬಹಳಷ್ಟು ಜನ ಮಾತ್ರೆ ಬಿಡುವುದು ಇಲ್ಲೇ. ನೀವಾಗಿ ಬಿಡದೆ ವೈದ್ಯರಿಗೆ ತಿಳಿಸಿ. ಆಲ್‌ಪ್ರಜೋಲಂ ಎಂಬ ಆತಂಕ ಇಳಿಸುವ ಮಾತ್ರೆ ತಕ್ಷಣ ತಣಿಸುತ್ತದೆ, ಆದರೆ ಚಟವಾಗುತ್ತದೆ. ಇನ್ನೊಬ್ಬರ ಸ್ಟ್ರಿಪ್‌ನಿಂದ ತೆಗೆದುಕೊಳ್ಳಬೇಡಿ; ದಿನವೂ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಲೂಬೇಡಿ, ಫಿಟ್ಸ್ ಬರಬಹುದು.

ಮನೆಯವರೇ, ‘ಸುಮ್ನೆ ಧೈರ್ಯ ತಗೋ’ ಅನ್ನುವ ಬದಲು ‘ಇದು ಇಳಿಯುತ್ತೆ, ನಾನಿಲ್ಲೇ ಇದ್ದೀನಿ’ ಅನ್ನಿ, ಜೊತೆಗೆ ಕೂತು ಎಣಿಸಿ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.